ಜಾಲಿ ಬೊಡ್ಡೆಗೆ ಬಡಿದ ಹರಿಗೋಲು

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವನು. ನಮ್ಮೂರ ಕೆರೆಗೆ ತುಂಗಭದ್ರೆ ನೀರು ಬಂದ ಮೇಲೆ ನಾಲ್ಕು ಜನ ಸೇರಿ ಮೀನುಮರಿ ಬಿಟ್ಟೆವು. ಬಲೆ ಬಿಡುವುದಕ್ಕೆ ನ್ಯಾಮತಿ ಕಡೆಯಿಂದ ಒಂದು ಹಳೆಯ ಫೈಬರ್ ಹರಿಗೋಲು ತಂದೆ. ದುಡ್ಡು ನನ್ನ ಹೆಂಡತಿ ಮಹಿಳಾ ಸಂಘದಲ್ಲಿ ಎತ್ತಿದ ಸಾಲದ್ದು, ವಾರವಾರ ಕಂತು ಕಟ್ಟಬೇಕು. ಹೋದ ತಿಂಗಳು ನೀರೊಳಗಿದ್ದ ಜಾಲಿ ಬೊಡ್ಡೆಗೆ ಬಡಿದು ತಳದಲ್ಲಿ ಬೆರಳುದ್ದ ಬಿರುಕು ಬಿಟ್ಟಿದೆ. ಎರಡು ಸಲ ಎಂ-ಸೀಲ್ ಮೆತ್ತಿದೆ, ಎರಡು ಸಲವೂ ವಾರದೊಳಗೆ ಕಿತ್ತು ಬಂತು. ನಮ್ಮ ಮಾವನವರು ಹೊನ್ನಾಳಿಯವರು, ಹೊಳೆಯಲ್ಲಿ ಬಿದಿರಿನ ಹರಿಗೋಲು ಹಾಕಿ ಬೆಳೆದವರು. "ಫೈಬರ್ ಒಡೆದರೆ ಮುಗೀತು, ಬಂದಷ್ಟಕ್ಕೆ ಮಾರಿಬಿಡು" ಅಂತಾರೆ. ಅವ್ವನಿಗೆ ನಾನು ಕೆರೆಗೆ ಹೊರಟರೆ ಊಟ ಸೇರುವುದಿಲ್ಲ. ನನಗೆ ಈಜು ಅಷ್ಟಕ್ಕಷ್ಟೆ. ಏನು ಮಾಡಲಿ?

ಉತ್ತರ: ಮಾರಬೇಡಿ. ಬೆರಳುದ್ದದ ಬಿರುಕು ಮನೆಯಂಗಳದಲ್ಲೇ ಸರಿಯಾಗುತ್ತದೆ. ತಗಲುವ ಖರ್ಚು ಹೊಸ ಹರಿಗೋಲಿನ ಬೆಲೆಯಲ್ಲಿ ಒಂದು ಸಣ್ಣ ಪಾಲು. ಆದರೆ ಸರಿಯಾಗುವ ತನಕ ಅದನ್ನು ನೀರಿಗೆ ಇಳಿಸಬೇಡಿ. ದಡದ ಹತ್ತಿರವೇ ಇರುತ್ತೇನೆ ಎಂದುಕೊಂಡೂ ಇಳಿಸಬೇಡಿ. ಎರಡು ವಾರ ಕೆಲಸ ನಿಂತರೆ ಕಂತಿಗೆ ಕಷ್ಟವಾಗುತ್ತದೆ, ಅದು ನನಗೆ ಅರ್ಥವಾಗುತ್ತದೆ. ನಿಮ್ಮ ಜತೆಗಾರರಿಗೆ ವಿಷಯ ಬಿಡಿಸಿ ಹೇಳಿ, ಅಷ್ಟು ದಿನ ದಡದಿಂದಲೇ ಬೀಸುಬಲೆ ಹಾಕಿ. ನಿಮ್ಮ ಹೆಂಡತಿಗೂ ಹೇಳಿ. ಸಂಘದಲ್ಲಿ ಒಂದೆರಡು ಕಂತು ಮುಂದೆ ಹಾಕಿಸಿಕೊಳ್ಳಲು ಅವರು ಮೊದಲೇ ಕೇಳಿದರೆ ಒಪ್ಪಿಯಾರು, ತಪ್ಪಿದ ಮೇಲೆ ಕೇಳುವುದು ಕಷ್ಟ.

ಮೊದಲು ನಿಮ್ಮ ಮಾವನವರ ಮಾತು. ಒಡೆದರೆ ಮುಗೀತು ಎನ್ನುವುದು ಸರಿಯಲ್ಲ. ಗಾಜಿನ ನಾರಿಗೆ ರೆಸಿನ್ ಕುಡಿಸಿ ದೋಣಿ ಮಾಡುವ ಪದ್ಧತಿ 1940ರ ದಶಕದಿಂದ ಇದೆ. ನಮ್ಮ ಮಲ್ಪೆ, ಗಂಗೊಳ್ಳಿಯ ಕಡಲಲ್ಲಿ ಓಡಾಡುವ ಫೈಬರ್ ದೋಣಿಗಳು ಬಂಡೆ, ಮರಳು, ಒಂದಕ್ಕೊಂದು ಬಡಿದು ಮತ್ತೆ ಮತ್ತೆ ಗಾಯ ಮಾಡಿಕೊಳ್ಳುತ್ತವೆ, ಮತ್ತೆ ಮತ್ತೆ ರಿಪೇರಿಯಾಗುತ್ತವೆ. ಮರ, ತಗಡುಗಳಿಗಿಂತ ಫೈಬರನ್ನು ಬೆಸೆಯುವುದು ಸುಲಭ. ಏಕೆಂದರೆ ಯಾವ ಸಾಮಾನಿನಿಂದ ಅದನ್ನು ಮಾಡಿದ್ದಾರೋ ಅದೇ ಸಾಮಾನನ್ನು ಗಾಯದ ಮೇಲೆ ಮತ್ತೆ ಕಟ್ಟಬಹುದು.

ಆದರೆ ಅವರ ಅಪನಂಬಿಕೆಯ ಹಿಂದೆ ಒಂದು ನಿಜವಿದೆ, ಅದನ್ನು ನೀವು ಗಂಭೀರವಾಗಿ ತೆಗೆದುಕೊಳ್ಳಬೇಕು. ಬಿದಿರು ಹೆಣೆದು ಮೇಲೆ ಚರ್ಮವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದ ಹರಿಗೋಲಿಗೆ ನೀರು ತುಂಬಿದರೂ ಬಿದಿರು ತೇಲುತ್ತದೆ, ಹಿಡಿದುಕೊಂಡವನನ್ನು ಸ್ವಲ್ಪ ಹೊತ್ತಾದರೂ ಕಾಯುತ್ತದೆ. ಫೈಬರ್ ಹಾಗಲ್ಲ. ನಾರು, ರೆಸಿನ್ ಸೇರಿದ ಹಾಳೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಒಳಗೆ ಗಾಳಿ ಇರುವ ತನಕ ಹಗುರವಾಗಿ ತೇಲುವ ಹರಿಗೋಲು ನೀರು ತುಂಬಿದ ಕೂಡಲೇ ತಳ ಸೇರುತ್ತದೆ. ಇದು ಬಿರುಕಿಲ್ಲದ ಹೊಸ ಹರಿಗೋಲಿಗೂ ಸಲ್ಲುವ ಮಾತು. ಒಂದೇ ಕಡೆ ಇಬ್ಬರು ಬಾಗಿ ಬಲೆ ಎಳೆದರೂ ಅಂಚಿನ ಮೇಲಿಂದ ನೀರು ನುಗ್ಗೀತು.

ಹಾಗಾಗಿ ರಿಪೇರಿಗಿಂತ ಮೊದಲೇ ಒಂದು ಕೆಲಸ ಮಾಡಿ. ಅಡುಗೆ ಎಣ್ಣೆಯ ಖಾಲಿ 5 ಲೀಟರ್ ಕ್ಯಾನುಗಳನ್ನು ಆರು ತನ್ನಿ. ಮುಚ್ಚಳ ಬಿಗಿ ಮಾಡಿ, ಒಳಗಡೆ ಅಂಚಿನ ಕೆಳಗೆ ಸುತ್ತಲೂ ಸಮನಾಗಿ, ಜಾರದಂತೆ ನೈಲಾನ್ ಹಗ್ಗದಿಂದ ಕಟ್ಟಿ. ಒಟ್ಟು ಸುಮಾರು 30 ಕೆ.ಜಿ. ತೇಲುವ ಬಲ ಬಂತು. ನೀರಿನಲ್ಲಿ ಮುಳುಗಿದ ಫೈಬರಿಗೆ ಅದರ ತೂಕದ ಮೂರನೇ ಒಂದು ಭಾಗದಷ್ಟು ಬಲ ಸಾಕು. ಉಳಿದದ್ದು ಅದನ್ನು ಹಿಡಿದು ತೇಲುವ ಮನುಷ್ಯನಿಗೆ. ಇಷ್ಟಾದರೂ ಲೈಫ್ ಜಾಕೆಟ್ ಬೇಕೇ ಬೇಕು. ಹೊಸ ಬಲೆಗೆ ಎತ್ತಿಟ್ಟ ದುಡ್ಡಿದ್ದರೆ ಅದರಿಂದ ಮೊದಲು ಜಾಕೆಟ್ ಕೊಳ್ಳಿ.

ಅವ್ವನ ಹೆದರಿಕೆಯನ್ನು ಹಳ್ಳಿಯ ಮೂಢತನ ಎಂದು ತಳ್ಳಿಹಾಕಬೇಡಿ. ಜಗಳೂರು ಸೀಮೆಯಲ್ಲಿ ಒಂದಿಡೀ ತಲೆಮಾರು ತುಂಬಿದ ಕೆರೆಯನ್ನು ನೋಡಿದ್ದೇ ಅಪರೂಪ. ಈಜು ಕಲಿಯಲು ನೀರೇ ಇರಲಿಲ್ಲ. ಹೊನ್ನಾಳಿಯ ಹುಡುಗರಿಗೆ ಹೊಳೆ ಕಲಿಸುವುದನ್ನು ನಿಮ್ಮೂರ ಹುಡುಗರಿಗೆ ಯಾರೂ ಕಲಿಸಲಿಲ್ಲ. ಕೆರೆ ಈಗ ಬಂದಿದೆ, ಈಜೂ ಬರಬೇಕು. ಮಾವನವರನ್ನು ಎಂಟು ದಿನ ಕರೆಸಿಕೊಂಡು ಸೊಂಟಮಟ್ಟದ ನೀರಿನಲ್ಲಿ ಅವರಿಂದಲೇ ಕಲಿಯಿರಿ. ಹರಿಗೋಲು ಮಾರು ಎಂದವರು ಈ ಕೆಲಸಕ್ಕೆ ಖಂಡಿತ ಒಲ್ಲೆ ಎನ್ನಲಾರರು.

ಇನ್ನು ಬಿರುಕಿನ ಸಮಾಚಾರ. ನಿಮ್ಮ ಎಂ-ಸೀಲ್ ಕಿತ್ತು ಬಂದದ್ದು ಏಕೆ? ಅದು ಕೆಟ್ಟ ಸಾಮಾನಲ್ಲ. ನುಣುಪಾದ, ಒಳಗಿನ್ನೂ ಪಸೆಯಿದ್ದ ಮೈಮೇಲೆ ಅದನ್ನು ಮೆತ್ತಿದಿರಿ, ಅಷ್ಟೆ. ನಾನು ನೋಡಿದ ಕೆಟ್ಟ ರಿಪೇರಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಅಂಟಿನಿಂದಲ್ಲ, ಅಂಟಿಸುವ ಮುಂಚಿನ ಅವಸರದಿಂದ. ಒಣಗಿಸುವುದು, ಕೆರೆದು ತೆಗೆಯುವುದು, ಕೆಲಸದ ಮುಕ್ಕಾಲು ಪಾಲು ಇಷ್ಟೇ. ನಾರು ಕೂರಿಸುವುದು ಅರ್ಧ ಗಂಟೆಯ ಕೆಲಸ.

ಮೊದಲು ಹಳೆಯ ಎಂ-ಸೀಲನ್ನು ಉಳಿಯಿಂದ ಕೆತ್ತಿ, ಕಣವೂ ಉಳಿಯದಂತೆ ತೆಗೆಯಿರಿ. ಅದು ಎಪಾಕ್ಸಿ ಜಾತಿಯದು. ನಿಮ್ಮ ಹರಿಗೋಲು ಬಹುಮಟ್ಟಿಗೆ ಪಾಲಿಯೆಸ್ಟರ್ ರೆಸಿನ್ನಿನದು. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಸೋಪಿನ ನೀರಿನಲ್ಲಿ ತಳವನ್ನು ತಿಕ್ಕಿ ತೊಳೆದು, ಪಾಚಿ, ಮೀನಿನ ಜಿಡ್ಡು ಹೋದ ಮೇಲೆ ಗಾಯವನ್ನು ಚೆನ್ನಾಗಿ ನೋಡಿ. ಕತ್ತಲಾದ ಮೇಲೆ ಒಬ್ಬರು ಒಳಗಿನಿಂದ ಟಾರ್ಚ್ ಹಿಡಿಯಲಿ, ನೀವು ಹೊರಗಿನಿಂದ ನೋಡಿ. ದಪ್ಪ ಬಣ್ಣ ಬಳಿದಿರದಿದ್ದರೆ ಬಿರುಕಿನ ಸುತ್ತ ಬೆಳ್ಳಗೆ ಮಸುಕಾದ ಜಾಗ ಕಾಣುತ್ತದೆ. ನಾರು ಮುರಿದಿರುವುದು ಅಲ್ಲೆಲ್ಲ. ಬೆರಳುದ್ದ ಎಂದುಕೊಂಡ ಗಾಯ ಅಂಗೈಯಗಲವಿದ್ದರೂ ಇರಬಹುದು. ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ದೊಗ್ ಎನ್ನುತ್ತದೆ. ಆ ಸದ್ದು ಬದಲಾಗುವ ಗೆರೆಯನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ನಿಮ್ಮದು ಹಳೆಯ ಮಾಲು. ಹಿಂದಿನವರು ಎಲ್ಲಾದರೂ ತೇಪೆ ಹಾಕಿದ್ದರೆ ಅದೂ ಈ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ.

ಗುರುತು ಮಾಡಿದ ಜಾಗ ಅಂಗೈಗಿಂತ ದೊಡ್ಡದಾದರೆ, ಬಿರುಕು ಅಂಚಿನ ತನಕ ಹೋಗಿದ್ದರೆ, ಕಾಲಿಟ್ಟಾಗ ತಳ ಮೆತ್ತಗೆ ಕುಸಿದರೆ, ಇದು ನಿಮ್ಮ ಕೈಯಲ್ಲಿ ಮುಗಿಯುವ ಕೆಲಸವಲ್ಲ, ಬಲ್ಲವರಿಗೆ ತೋರಿಸಿ. ಜೇಡರ ಬಲೆಯಂಥ ಕೂದಲೆಳೆ ಗೀರುಗಳು ಮಾತ್ರವಾದರೆ ಒಡೆದಿರುವುದು ಮೇಲಿನ ಜೆಲ್‌ಕೋಟ್ ಪದರವಷ್ಟೇ.

ಒಣಗಿಸುವ ವಿಚಾರದಲ್ಲಿ ನಿಮ್ಮ ಸೀಮೆಯ ಬಿಸಿಲು, ಒಣಗಾಳಿ ನಿಮ್ಮ ಪರವಾಗಿವೆ. ಹರಿಗೋಲನ್ನು ಬೋರಲು ಹಾಕಿ, ಕೆಳಗೆ ಗಾಳಿಯಾಡುವಂತೆ ಮೂರು ಕಲ್ಲಿನ ಮೇಲೆ ಎತ್ತಿಡಿ. ಬಿರುಕಿನೊಳಗೆ ಹೊಕ್ಕ ನೀರು ನಾರಿನ ಗುಂಟ ಹರಿದು ದೂರ ಕೂತಿರುತ್ತದೆ. ಮುಟ್ಟಿದರೆ ಒಣಗಿದೆ ಎನಿಸುತ್ತದೆ, ಒಳಗೆ ಒಣಗಿರುವುದಿಲ್ಲ. ನಾಲ್ಕೈದು ದಿನ ಬಿಸಿಲು ಕಂಡ ಮೇಲೆ ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ಬಿರುಕಿನ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಮಧ್ಯಾಹ್ನದ ಬಿಸಿಲಿಗೆ ಬಿಡಿ. ಸಂಜೆ ಹಾಳೆಯ ಒಳಮೈಯಲ್ಲಿ ಬೆವರಿನ ಹನಿ ಕಂಡರೆ ಇನ್ನೂ ಒಣಗಬೇಕು. ಹನಿ ಇಲ್ಲದ ದಿನವೇ ಕೆಲಸಕ್ಕೆ ಮುಹೂರ್ತ.

ಕೆರೆಯುವಾಗ ಧೈರ್ಯ ಬೇಕು, ಗಾಯ ದೊಡ್ಡದಾಗುತ್ತಾ ಹೋಗುವುದನ್ನು ನೋಡಿ ಎದೆ ಡವಗುಟ್ಟುತ್ತದೆ. ಹಾಳೆ ಒಡೆದಿರುವಲ್ಲಿ ನಿಜವಾದ ದಪ್ಪ ಎಷ್ಟು ಎಂದು ಅಳೆಯಿರಿ. ಅದರ ಹನ್ನೆರಡು ಪಟ್ಟು ಅಗಲಕ್ಕೆ, ಸುತ್ತಲೂ ಇಳಿಜಾರು ಬರಬೇಕು. 4 ಮಿ.ಮೀ. ದಪ್ಪಕ್ಕೆ ಬಿರುಕಿನಿಂದ ಎಲ್ಲ ಕಡೆಗೂ ಸುಮಾರು 5 ಸೆಂ.ಮೀ. ನಡುವೆ ಆಳ, ಅಂಚಿಗೆ ಹೋದಂತೆ ತೆಳುವಾಗಿ, ಊಟದ ತಟ್ಟೆಯ ಆಕಾರ. ಬಿರುಕಿಗೆ ಮಾತ್ರ ರೆಸಿನ್ ತುಂಬಿದರೆ ಹಿಡಿದುಕೊಳ್ಳಲು ಬರೀ ಹಾಳೆಯ ದಪ್ಪದಷ್ಟೇ ಜಾಗ ಸಿಗುತ್ತದೆ. ಇಳಿಜಾರು ಮಾಡಿದರೆ ಅಂಗೈಯಗಲ ಸಿಗುತ್ತದೆ. ಕಟಿಂಗ್ ಮಷೀನಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿದರೆ ಕೆಲಸ ಬೇಗ, ಇಲ್ಲವಾದರೆ 40 ನಂಬರಿನ ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಿ. ಹೊಳಪು ಎಲ್ಲೂ ಉಳಿಯಬಾರದು. ಈ ದೂಳು ಗಾಜಿನದು. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿಕೊಂಡು ಗಾಳಿಗೆ ಬೆನ್ನು ಮಾಡಿ ಕೂರಿ. ಮಕ್ಕಳು, ದನಕರು, ಮೇವು ಹತ್ತಿರ ಬೇಡ. ಮುಗಿದ ಮೇಲೆ ತಣ್ಣೀರಲ್ಲಿ ಮೈ ತೊಳೆಯಿರಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕೊನೆಗೆ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಜಾಗವನ್ನು ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ.

ಸಾಮಾನಿಗೆ ದಾವಣಗೆರೆಗೆ ಹೋಗಬೇಕಾದೀತು. ಫೈಬರ್ ಬಾಗಿಲು, ಟ್ಯಾಂಕು ಮಾಡುವವರನ್ನು ವಿಚಾರಿಸಿದರೆ ಅವರು ಎಲ್ಲಿ ಕೊಳ್ಳುತ್ತಾರೆಂದು ಹೇಳುತ್ತಾರೆ. ಒಂದು ಕೆ.ಜಿ. ಪಾಲಿಯೆಸ್ಟರ್ ರೆಸಿನ್, ಸಿಕ್ಕರೆ ಐಸೋ ಜಾತಿಯದು, ಅದು ನೀರಿಗೆ ಹೆಚ್ಚು ತಡೆಯುತ್ತದೆ. 450 ಜಿ.ಎಸ್.ಎಂ. ಫೈಬರ್ ಮ್ಯಾಟ್ ಒಂದು ತುಂಡು, ಕ್ಯಾಟಲಿಸ್ಟ್, ಎರಡು ಬ್ರಷ್, ರಬ್ಬರ್ ಗ್ಲೌಸ್. ಗ್ಯಾರೇಜಿನ ಕಾರ್ ಪುಟ್ಟಿಯನ್ನು ಯಾರಾದರೂ ಹೇಳಿದರೆ ಬೇಡ ಎನ್ನಿ. ಅದು ನೀರನ್ನು ಹೀರುತ್ತದೆ, ನೀರಿನ ಮಟ್ಟದ ಕೆಳಗೆ ಅದಕ್ಕೆ ಕೆಲಸವಿಲ್ಲ.

ಈಗ ಹೇಳುವುದನ್ನು ಎರಡು ಸಲ ಓದಿ. ರೆಸಿನ್ ಗಟ್ಟಿಯಾಗಲು ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎಂಬ ಎರಡು ದ್ರವ ಬೇಕು. ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಆದ್ದರಿಂದ ಮೊದಲೇ ಕೋಬಾಲ್ಟ್ ಬೆರೆಸಿದ ರೆಸಿನ್ ಕೇಳಿ ತೆಗೆದುಕೊಳ್ಳಿ. ಬೇರೆಬೇರೆಯೇ ಸಿಕ್ಕರೆ ಅಂಗಡಿಯವರು ಹೇಳಿದಷ್ಟು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ. ಅದಾದ ಮೇಲೆಯೇ ಕ್ಯಾಟಲಿಸ್ಟ್. ಎರಡಕ್ಕೂ ಒಂದೇ ಸಿರಿಂಜು, ಒಂದೇ ಕಡ್ಡಿ ಬಳಸಬೇಡಿ. ಎರಡು ಬಾಟಲಿಯನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಕ್ಯಾಟಲಿಸ್ಟ್ ನೋಡಲು ನೀರಿನ ಹಾಗೇ ಇರುತ್ತದೆ. ಕುಡಿಯುವ ನೀರಿನ ಬಾಟಲಿಗೆ ಸುರಿದು ಕೊಟ್ಟರೆ ತೆಗೆದುಕೊಳ್ಳಲೇಬೇಡಿ, ಮನೆಯಲ್ಲಿ ಮಕ್ಕಳ ಕೈಗೆ ಎಟುಕದ ತಂಪು ಜಾಗದಲ್ಲಿಡಿ. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಹಾಗೇನಾದರೂ ಆದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಧಾರೆ ನೀರಿನಲ್ಲಿ ಕಣ್ಣು ತೊಳೆದು ಆಸ್ಪತ್ರೆಗೆ ಓಡಿ. ಪಕ್ಕದಲ್ಲಿ ತುಂಬಿದ ಕೊಡವಿಟ್ಟುಕೊಂಡೇ ಕೆಲಸಕ್ಕೆ ಕೂರಿ. ಬೀಡಿ, ಒಲೆ ಹತ್ತಿರ ಬೇಡ.

ಅಳತೆ ಹೀಗೆ: 100 ಗ್ರಾಂ ರೆಸಿನ್ನಿಗೆ 1ರಿಂದ 2 ಮಿ.ಲೀ. ಕ್ಯಾಟಲಿಸ್ಟ್, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು. ಬಿಸಿ ದಿನವಾದರೆ 1 ಮಿ.ಲೀ., ತಂಪಾದರೆ ಸ್ವಲ್ಪ ಹೆಚ್ಚು. ನಿಧಾನವಾಗಿ ಗಟ್ಟಿಯಾಗಲಿ ಎಂದು ಅದಕ್ಕಿಂತ ಕಡಿಮೆ ಮಾಡಿದರೆ ಅಂಟಂಟಾಗಿಯೇ ಉಳಿದು ಎಂದೂ ಬಲಿಯುವುದಿಲ್ಲ. ಒಂದು ಸಲಕ್ಕೆ 100 ಗ್ರಾಂ ಮಾತ್ರ ಕಲಸಿ, ನಿಮ್ಮ ಗಾಯಕ್ಕೆ ಬಹುಶಃ ಅಷ್ಟೇ ಸಾಕು. ಜಗಳೂರಿನ ನಡುಹಗಲಲ್ಲಿ ಕಲಸಿದರೆ ಬ್ರಷ್ ಅದ್ದುವುದರೊಳಗೆ ಡಬ್ಬದಲ್ಲೇ ಕಲ್ಲಾಗುತ್ತದೆ. ಬೆಳಗ್ಗೆ ಮಂಜು ಆರಿದ ಮೇಲೆ, ಬಿಸಿಲೇರುವ ಮುಂಚೆ, ನೆರಳಿನಲ್ಲಿ ಮಾಡಿ. ಡಬ್ಬದಲ್ಲಿ ಉಳಿದದ್ದು ಕಾದು ಹೊಗೆಯಾಡುತ್ತದೆ. ಅದನ್ನು ಬಯಲಿನಲ್ಲಿ ಮರಳ ಮೇಲಿಟ್ಟು ಆರಲು ಬಿಡಿ, ಕೆರೆಗೆ ಎಸೆಯಬೇಡಿ.

ಮ್ಯಾಟನ್ನು ಹಿಂದಿನ ದಿನವೇ ಸಿದ್ಧ ಮಾಡಿಕೊಳ್ಳಿ. ಒಂದು ಪದರ ಸುಮಾರು ಒಂದು ಮಿ.ಮೀ. ಬರುತ್ತದೆ, 4 ಮಿ.ಮೀ.ಗೆ ನಾಲ್ಕು ತುಂಡು. ಒಂದಕ್ಕಿಂತ ಒಂದು ಚಿಕ್ಕದಿರಲಿ, ಅಂಚನ್ನು ಕತ್ತರಿಯಿಂದ ಕತ್ತರಿಸದೆ ಕೈಯಲ್ಲಿ ಹಿಂಜಿ ಹರಿಯಿರಿ. ಹರಿದ ಅಂಚಿನ ಎಳೆಗಳು ಹಳೆಯ ಮೈಗೆ ಬೆರೆತು ಹೋಗುತ್ತವೆ. ಬಿರುಕು ಆರಪಾರ ಇದ್ದರೆ ಒಳಗಡೆಯಿಂದ ಪ್ಲಾಸ್ಟಿಕ್ ಸುತ್ತಿದ ರಟ್ಟನ್ನು ಟೇಪಿನಿಂದ ಬಿಗಿದು ಆಸರೆ ಕೊಡಿ. ಕೆರೆದ ಜಾಗಕ್ಕೆ ಮೊದಲು ರೆಸಿನ್ ಬಳಿದು, ಎಲ್ಲಕ್ಕಿಂತ ದೊಡ್ಡ ತುಂಡನ್ನು ಮೊದಲು ಇಡಿ. ಅದು ಇಡೀ ಇಳಿಜಾರನ್ನು ಒಂದೇ ಮೈಯಾಗಿ ಹಿಡಿಯುತ್ತದೆ. ಬ್ರಷ್ಷನ್ನು ಎಳೆಯಬೇಡಿ, ತುದಿಯಿಂದ ಕುಟ್ಟುತ್ತಾ ಹೋಗಿ. ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿಯುತ್ತಿದ್ದಂತೆ ಕಣ್ಣೆದುರೇ ಪಾರದರ್ಶಕವಾಗುತ್ತದೆ, ಕೆಳಗಿನ ಗಾಯದ ಗೆರೆಗಳು ಮತ್ತೆ ಕಾಣತೊಡಗುತ್ತವೆ. ಬಿಳಿಯ ಚುಕ್ಕೆ ಉಳಿದಲ್ಲಿ ಗಾಳಿ ಸಿಕ್ಕಿಕೊಂಡಿದೆ, ಅದನ್ನು ಅಂಚಿನ ಕಡೆಗೆ ಒತ್ತಿ ಹೊರಡಿಸಿ. ನಾಲ್ಕೂ ಪದರ ಆದ ಮೇಲೆ ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ ಅಂಗೈಯಿಂದ ಸವರಿ. ಪಾಲಿಯೆಸ್ಟರ್ ರೆಸಿನ್ನಿನ ಮೇಲ್ಮೈ ಗಾಳಿ ತಾಗಿದಷ್ಟು ಹೊತ್ತೂ ಅಂಟಾಗಿಯೇ ಇರುತ್ತದೆ. ಹಾಳೆ ಹೊದಿಸಿದರೆ ಗಟ್ಟಿಯಾಗುತ್ತದೆ, ನುಣುಪೂ ಬರುತ್ತದೆ.

ಮರುದಿನ ಹಾಳೆ ಕಿತ್ತು, ಉಬ್ಬಿದ್ದನ್ನು ಉಜ್ಜಿ ಸಮ ಮಾಡಿ, ಹೊರಗೆ ಜೆಲ್‌ಕೋಟನ್ನೋ ಹೊಂದುವ ಬಣ್ಣವನ್ನೋ ಬಳಿಯಿರಿ. ನಾರಿನ ತುದಿ ಎಲ್ಲೂ ಹೊರಗೆ ಕಾಣಬಾರದು, ಅದರ ಗುಂಟ ನೀರು ಮತ್ತೆ ಒಳಗಿಳಿಯುತ್ತದೆ. ಆಮೇಲೆ ನಾಲ್ಕೈದು ದಿನ ಬಿಸಿಲಿಗೆ ಬಿಟ್ಟುಬಿಡಿ.

ಪರೀಕ್ಷೆಯನ್ನು ನೆಲದ ಮೇಲೆ ಮೊದಲು ಮಾಡಿ. ಹರಿಗೋಲನ್ನು ಮರಳಿನ ಮೇಲೆ ಅಂಗಾತ ಇಟ್ಟು ನಾಲ್ಕಾರು ಕೊಡ ನೀರು ಸುರಿದು ಒಂದು ರಾತ್ರಿ ಬಿಡಿ, ಬೆಳಗ್ಗೆ ತೇಪೆಯ ಕೆಳಗಿನ ಮರಳು ನೆಂದಿದೆಯೇ ನೋಡಿ. ಅದು ಗೆದ್ದರೆ ಮೊಣಕಾಲುದ್ದ ನೀರಿನಲ್ಲಿ ಇಬ್ಬರು ಆಳಿನ ತೂಕದಷ್ಟು ಮರಳಚೀಲ ಹೇರಿ ಒಂದು ಹಗಲು ನಿಲ್ಲಿಸಿ. ಅವ್ವನನ್ನೂ ದಡಕ್ಕೆ ಕರೆದುಕೊಂಡು ಹೋಗಿ ತೋರಿಸಿ. ಮಾತಿನಲ್ಲಿ ಹೇಳಿದ ಧೈರ್ಯ ಅವರಿಗೆ ಸಾಲುವುದಿಲ್ಲ.

ಇಷ್ಟು ಓದಿ ಕೈ ನಡುಗಿದರೆ ಒಂದು ದಿನ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋಗಿಬನ್ನಿ. ಹನ್ನೆರಡನೇ ಶತಮಾನದ ಆ ಶಾಂತಿಸಾಗರದ ದಂಡೆಯಲ್ಲಿ ಮೀನನ್ನೇ ನಂಬಿದ ಮನೆಗಳಿವೆ. ಕೇಳಿದರೆ ತೋರಿಸಿಕೊಡುವ ಜನ ಅವರು. ಜತೆಗೆ ಸಣ್ಣದೊಂದು ಹಾಳಾದ ಫೈಬರ್ ತುಂಡಿನ ಮೇಲೆ ನೀವು ಮೊದಲು ಕೈ ಪಳಗಿಸಿಕೊಳ್ಳಬಹುದು. ಹೊನ್ನಾಳಿ ಕಡೆಯ ಓದುಗರಿಗೂ ಒಂದು ಮಾತು: ಹೊಳೆಯ ಕಲ್ಲು, ಮರಳು ತಾಗಿ ತಳ ಸವೆಯುವುದು ಬಿರುಕಿನಷ್ಟು ಕಣ್ಣಿಗೆ ಬೀಳುವುದಿಲ್ಲ. ಬಣ್ಣ ಹೋಗಿ ನಾರಿನ ಎಳೆ ಕಂಡ ದಿನವೇ ಒಂದು ಪದರ ಮ್ಯಾಟ್ ಕೊಡಿ. ಹಾಗೆಯೇ ತುಂಗಾ, ಭದ್ರಾ ಅಣೆಕಟ್ಟುಗಳಿಂದ ನೀರು ಬಿಟ್ಟ ದಿನಗಳಲ್ಲಿ ಎಂಥ ಗಟ್ಟಿ ಹರಿಗೋಲಾದರೂ ದಡದಲ್ಲೇ ಇರಲಿ.

ನಿಮ್ಮ ಜತೆಗಾರರೆಲ್ಲ ಮೀನುಗಾರರ ಸಹಕಾರ ಸಂಘದ ಸದಸ್ಯರಾಗಿ, ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಹೆಸರು ಬರೆಸಿ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ ಅಪಘಾತ ವಿಮೆ ಇದೆ. ಸಾವು ಅಥವಾ ಪೂರ್ಣ ಅಂಗವಿಕಲತೆಗೆ 5 ಲಕ್ಷ, ಶಾಶ್ವತ ಭಾಗಶಃ ಅಂಗವಿಕಲತೆಗೆ 2.5 ಲಕ್ಷ ರೂಪಾಯಿ, ಕಂತು ಮೀನುಗಾರ ಕಟ್ಟಬೇಕಿಲ್ಲ. ಹರಿಗೋಲು, ಬಲೆಗೆ ಸಹಾಯ ಈಗ ಏನಿದೆ ಎಂದು ಅಲ್ಲೇ ಕೇಳಿ.

ಕೊನೆಗೆ, ಆ ಬೊಡ್ಡೆ. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಕಾಡಾಗಿ ಬೆಳೆಯಿತು. ಸೌದೆಗೆಂದು ಮೇಲಿನದನ್ನು ಕಡಿದರು, ಬೊಡ್ಡೆ ನೆಲದಲ್ಲೇ ಉಳಿಯಿತು, ಅದರ ಮೇಲೆ ಈಗ ನೀರು ನಿಂತಿದೆ. ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆಯ ನೀರು ಬಂದ ಇನ್ನೂ ಎಷ್ಟೋ ಊರುಗಳಲ್ಲಿ ಇದೇ ಅಪಾಯವಿದೆ. ನಿಮಗೆ ಬಡಿದದ್ದು ಒಂದು, ಬಡಿಯದೆ ಉಳಿದವು ಇನ್ನೆಷ್ಟೋ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ದಡದ ಗುಂಟ ನಡೆದು, ತಲೆ ಹೊರಹಾಕಿದ ಪ್ರತಿ ಬೊಡ್ಡೆಯನ್ನೂ ಬುಡಸಮೇತ ಕೀಳಿಸಿ. ಬೇರು ಬಿಟ್ಟರೆ ಜಾಲಿ ಮತ್ತೆ ಚಿಗುರುತ್ತದೆ. ನೀರು ಇಳಿಯದ ಕಡೆ, ಹುಟ್ಟಿನ ತುದಿಗೆ ಬೊಡ್ಡೆ ತಾಗಿದಲ್ಲೆಲ್ಲ ಉದ್ದನೆಯ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಬಲೆ ಬಿಡುವವರು ನೀವು ನಾಲ್ವರೇ ಆದರೂ ಆ ನೀರಿಗೆ ಈಜಲು ಬರುವ ಹುಡುಗರು ಊರ ತುಂಬ ಇದ್ದಾರೆ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡುವಾಗ ಈ ಮಾತನ್ನೂ ಸೇರಿಸಿ ಬರೆಯಿರಿ.